ನೋಟಿಸು ಅವಮಾನವಲ್ಲ

ಕಾಲೇಜುಗಳಿರುವ ನಮ್ಮ ವಿದ್ಯಾಗಿರಿಯಲ್ಲಿ ಮನೆ ಬಾಡಿಗೆಗೆ ಕೊಟ್ಟವರು ಬಹಳ. ಇತ್ತೀಚೆಗೆ ನಮ್ಮ ಓಣಿಯ ಮಾಲೀಕರೊಬ್ಬರು ಬಾಡಿಗೆದಾರರ ನಳದ ನೀರನ್ನೇ ನಿಲ್ಲಿಸಿದರು. ವಾಸಕ್ಕೆಂದು ಪಡೆದ ಮನೆಯಲ್ಲಿ ಆ ಕುಟುಂಬ ಖಾನಾವಳಿ ತೆರೆದದ್ದು ಕರಾರಿನ ಭಂಗವೇ. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಮೊದಲು ನೋಟಿಸು ಕೊಡಬಾರದಿತ್ತೇ ಎಂದು ಕೇಳಿದರೆ, “ಪರಿಚಯದವರಿಗೆ ನೋಟಿಸ್ ಕೊಟ್ರ ಅವರ ಮರ್ಯಾದಿ ಏನಾಗಬೇಕ್ರಿ, ಗುರುಗಳ?” ಎಂದರು. ಆ ಮನೆಯ ಮಕ್ಕಳು ಕೊಡ ಹಿಡಿದು ನೆರೆಮನೆಯ ಬಾಗಿಲಲ್ಲಿ ನಿಂತಾಗ ಆ ಮರ್ಯಾದೆ ಎಲ್ಲಿ ಹೋಗಿತ್ತು?

ಷರತ್ತು ಮುರಿದರೆ ಮನೆ ಬಿಡಿಸುವ ಹಕ್ಕನ್ನು ಕರಾರಿನಲ್ಲಿ ಬರೆಸಿಕೊಂಡವರೂ ನೇರವಾಗಿ ದಾವೆ ಹೂಡುವಂತಿಲ್ಲ. ಯಾವ ಷರತ್ತು ಮುರಿದಿದೆಯೆಂದು ಬರೆದು ತಿಳಿಸಬೇಕು; ತಿದ್ದಬಹುದಾದ ತಪ್ಪಾದರೆ ತಿದ್ದಿಕೊಳ್ಳಲು ಹೇಳಿ ಯುಕ್ತ ಕಾಲಾವಕಾಶ ಕೊಡಬೇಕು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 114ಎ ಕಲಮು ಹೇಳುವುದು ಇದನ್ನೇ. ಬಾಡಿಗೆ ಬಾಕಿಗೂ ಒಳಬಾಡಿಗೆಗೂ ಮಾತ್ರ ಈ ಕಲಮು ಅನ್ವಯಿಸದು.

ನಿಮ್ಮ ನೋಟುಪುಸ್ತಕಗಳನ್ನು ನಾನು ತಿದ್ದಿದ್ದೂ ಹೀಗೆಯೇ ಅಲ್ಲವೇ? ತಪ್ಪಿನ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ ‘ಸೋಮವಾರ ತಿದ್ದಿ ತೋರಿಸು’ ಎಂಬ ಸಾಲು. ತಪ್ಪು ಯಾವುದೆಂದು ಹೇಳದೆ ಹೊರಗೆ ನಿಲ್ಲಿಸುವುದು ಶಿಕ್ಷಣವಲ್ಲ, ಸಿಟ್ಟು.

ಮನೆ ಕಟ್ಟಿಸಿರುವ ನನ್ನ ಶಿಷ್ಯರೇ, ಬರೆದು ಕೊಡಿ, ದಿನಾಂಕ ಹಾಕಿ, ನಕಲು ಇಟ್ಟುಕೊಳ್ಳಿ, ಗಡುವು ತೀರುವವರೆಗೆ ಕಾಯಿರಿ. ನೀರು ಮಾತ್ರ ನಿಲ್ಲಿಸಬೇಡಿ.