ಗೃಹಶಿಕ್ಷಣವೂ ನಮ್ಮ ಪಾಠಶಾಲೆಯೂ: ಒಂದು ವಿಚಾರ

ಶ್ರೀಮಠದ ವಿದ್ಯಾಸಂಸ್ಥೆಯ ವಾರ್ಷಿಕ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ, ರೂಢಿಯಂತೆ ಹಳಗನ್ನಡ ಕಾವ್ಯವೊಂದರ ರಸಸ್ಥಾನವನ್ನು ಕುರಿತು ನಾಲ್ಕು ಮಾತು ಬರೆಯೋಣವೆಂದಿದ್ದೆನು. ಆದರೆ ಕೆಲವು ತಿಂಗಳುಗಳಿಂದ ಮನಸ್ಸನ್ನು ಕೊರೆಯುತ್ತಿರುವ ವಿಷಯವೇ ಬೇರೆ. ಅದನ್ನು ಮುಚ್ಚಿಟ್ಟು ಕಾವ್ಯವಿಚಾರವನ್ನು ಬರೆದರೆ ಆತ್ಮವಂಚನೆಯಾದೀತೆಂಬ ಅಳುಕಿನಿಂದ, ಅಧ್ಯಾಪಕ ಬಂಧುಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ಉದಾರ ದಾನಿಗಳ ಮುಂದೆ ಅದನ್ನೇ ನಿವೇದಿಸಿಕೊಳ್ಳುತ್ತಿದ್ದೇನೆ.

ಕಳೆದ ಶ್ರಾವಣ ಮಾಸದಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮ ಮನೆಗೆ ಬಂದನು. ಶ್ರೀಮಠದ ಪ್ರಸಾದ ನಿಲಯದಲ್ಲಿ ಆರು ವರ್ಷ ಉಂಡು ಓದಿ, ಇಂದು ಬೆಂಗಳೂರಿನಲ್ಲಿ ಇಂಜಿನಿಯರನಾಗಿ ಒಳ್ಳೆಯ ಸ್ಥಿತಿಯಲ್ಲಿರುವವನು. ನಮಸ್ಕರಿಸಿ ಕುಳಿತವನು ಬಹಳ ಹೊತ್ತು ಮಾತನಾಡಲಿಲ್ಲ. “ಏನಪ್ಪಾ, ಮನೆಯಲ್ಲಿ ಎಲ್ಲರೂ ಕ್ಷೇಮವಷ್ಟೆ?” ಎಂದು ಕೇಳಿದೆನು. “ಗುರುಗಳೇ, ಮಗಳನ್ನು ಶಾಲೆಯಿಂದ ಬಿಡಿಸಿಬಿಟ್ಟೆ. ತಾವು ಬೈಯಬಾರದು” ಎಂದನು.

ಆತನು ಹೇಳಿದ ವೃತ್ತಾಂತ ಇಷ್ಟು. ಹೆಸರಾಂತ ಶಾಲೆಯೊಂದರಲ್ಲಿ, ಲಕ್ಷಗಟ್ಟಲೆ ಶುಲ್ಕ ತೆತ್ತು ಮಗಳನ್ನು ಸೇರಿಸಿದ್ದನು. ಎಂಟು ವರ್ಷದ ಆ ಮಗುವಿಗೆ ಪ್ರತಿ ಭಾನುವಾರ ಸಂಜೆಯಾಯಿತೆಂದರೆ ಹೊಟ್ಟೆನೋವು, ಸೋಮವಾರ ಬೆಳಿಗ್ಗೆ ವಾಂತಿ. ವೈದ್ಯರು ಪರೀಕ್ಷಿಸಿ ರೋಗವೇನೂ ಇಲ್ಲವೆಂದರು. ರಜೆ ಬಂದೊಡನೆ ಮಗು ಚೆನ್ನಾಗಿ ಉಂಡು ಆಡಿಕೊಂಡಿರುತ್ತಿತ್ತು. ಒಂದು ರಾತ್ರಿ ಹತ್ತು ಗಂಟೆಗೆ ಮನೆಗೆಲಸದ ಪುಸ್ತಕದ ಮೇಲೆಯೇ ನಿದ್ದೆಹೋದ ಮಗಳನ್ನು ಎತ್ತಿ ಮಲಗಿಸುವಾಗ, ಅವಳು ಕಣ್ಣು ತೆರೆಯದೆಯೇ “ಮಿಸ್, ಬರೆದೆ, ಬರೆದೆ” ಎಂದಳಂತೆ. ಮರುವಾರವೇ ಶಾಲೆ ಬಿಡಿಸಿದನು. ಇಂತಹುದೇ ಕಷ್ಟವನ್ನುಂಡ ಇನ್ನು ನಾಲ್ಕು ಕುಟುಂಬಗಳು ಸೇರಿ, ಒಂದು ಬಾಡಿಗೆಯ ಮನೆಯಲ್ಲಿ ಹನ್ನೊಂದು ಮಕ್ಕಳಿಗೆ ಕಲಿಕೆಯ ಕೇಂದ್ರವೊಂದನ್ನು ಆರಂಭಿಸಿದ್ದಾರೆ. ತಂದೆತಾಯಂದಿರೇ ಸರದಿಯ ಮೇಲೆ ಬೋಧಕರು. ನಾನೊಮ್ಮೆ ಬಂದು ನೋಡಬೇಕು, ಸಾಧ್ಯವಾದರೆ ಮಕ್ಕಳಿಗೆ ಕನ್ನಡದ ನಾಲ್ಕಕ್ಷರ ಹೇಳಬೇಕು ಎಂಬುದು ಆತನ ಪ್ರಾರ್ಥನೆ.

ಮೊದಲಿಗೆ ನನಗೆ ಕೋಪವೇ ಬಂದಿತು. ಮೂವತ್ತು ವರ್ಷ ಶಾಲೆಯನ್ನೇ ನಂಬಿ ಬದುಕಿದವನಿಗೆ, ಶಾಲೆ ಬೇಡವೆಂಬ ಮಾತು ದೇವಾಲಯ ಬೇಡವೆಂಬಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಆದರೆ ವಿಚಾರ ಮಾಡಿದಷ್ಟೂ ಇದು ಹೊಸ ಮಾತಲ್ಲವೆಂದು ತೋರಿತು. ಸರಕಾರಿ ಶಾಲೆಗಳು ಬರುವುದಕ್ಕೆ ಮುಂಚೆ ನಮ್ಮ ಹಳ್ಳಿಗಳಲ್ಲಿದ್ದ ಕೂಲಿಮಠಗಳನ್ನು ನಡೆಸುತ್ತಿದ್ದವರು ತಂದೆತಾಯಂದಿರೇ ಅಲ್ಲವೆ? ಊರಿನ ನಾಲ್ಕು ಮನೆಯವರು ಅಯ್ಯನವರೊಬ್ಬರನ್ನು ಕರೆತಂದು, ಕಾಳುಕಡಿ ಕೊಟ್ಟು, ಜಗಲಿಯ ಮೇಲೆ ಮರಳು ಹರವಿಸಿ ಮಕ್ಕಳಿಗೆ ಅಕ್ಷರ ತೀಡಿಸುತ್ತಿದ್ದರು. ಆ ಕಾಲವನ್ನು ಬರಿದೆ ಹೊಗಳುವಂತೆಯೂ ಇಲ್ಲ. ಮಗುವನ್ನು ಹಗ್ಗಕ್ಕೆ ಜೋತುಬಿಡುವ ಕೋದಂಡವೆಂಬ ಘೋರ ಶಿಕ್ಷೆಯೂ ಅಲ್ಲಿಯೇ ಇದ್ದಿತು. ಎಲ್ಲ ಕೇರಿಗಳ ಮಕ್ಕಳಿಗೆ ಆ ಜಗಲಿ ಎಟುಕುತ್ತಲೂ ಇರಲಿಲ್ಲ.

ಇರುವ ಶಾಲೆಯಲ್ಲಿ ಅತೃಪ್ತರಾಗಿ ಹೊಸ ಶಾಲೆ ಕಟ್ಟಿದ ಮಹನೀಯರಲ್ಲಿ ರವೀಂದ್ರನಾಥ ಠಾಕೂರರು ಅಗ್ರಗಣ್ಯರು. ಬಾಲ್ಯದಲ್ಲಿ ಕಲ್ಕತ್ತೆಯ ಹಲವು ಶಾಲೆಗಳಿಗೆ ಹೋಗಿ, ಯಾವುದರಲ್ಲಿಯೂ ನಿಲ್ಲದೆ, ಮನೆಯಲ್ಲಿ ಅಣ್ಣಂದಿರಿಂದಲೂ ಬೋಧಕರಿಂದಲೂ ಕಲಿತವರು ಅವರು. ತಾವೇ ತಂದೆಯಾದಾಗ 1901ರ ಡಿಸೆಂಬರ್ ತಿಂಗಳಿನಲ್ಲಿ ಶಾಂತಿನಿಕೇತನದಲ್ಲಿ ಐದೇ ಮಂದಿ ವಿದ್ಯಾರ್ಥಿಗಳಿಂದ ಬ್ರಹ್ಮಚರ್ಯಾಶ್ರಮವನ್ನು ಆರಂಭಿಸಿದರು. ಆ ಐವರಲ್ಲಿ ಅವರ ಮಗ ರಥೀಂದ್ರನಾಥನೂ ಒಬ್ಬನು. ಪತ್ನಿ ಮೃಣಾಲಿನೀದೇವಿಯವರ ಒಡವೆಗಳೂ ಆ ಶಾಲೆಯ ಖರ್ಚಿಗೆ ಸಂದವು. ಆ ಸಣ್ಣ ಬೀಜವೇ 1921ರಲ್ಲಿ ವಿಶ್ವಭಾರತಿಯಾಗಿ ಬೆಳೆಯಿತು. 1918ರಲ್ಲಿ ಅವರು ಬರೆದ ಗಿಳಿಯ ಶಿಕ್ಷಣದ ಕಥೆಯನ್ನು ಅಧ್ಯಾಪಕರಾದವರು ವರ್ಷಕ್ಕೊಮ್ಮೆಯಾದರೂ ಓದಿಕೊಳ್ಳಬೇಕು. ಅಲ್ಲಿ ಪಂಜರಕ್ಕೆ ಚಿನ್ನವಿದೆ, ಪಂಡಿತರಿಗೆ ಸಂಭಾವನೆಯಿದೆ, ಪುಸ್ತಕದ ಹಾಳೆಗಳನ್ನು ತುರುಕಿಸಿಕೊಂಡ ಗಿಳಿಯೊಂದು ಮಾತ್ರ ಸತ್ತುಹೋಗಿದೆ.

ಇನ್ನೊಂದು ಪಕ್ಕದ ನಿದರ್ಶನವನ್ನೂ ಹೇಳದಿದ್ದರೆ ನ್ಯಾಯವಾಗದು. ಮಹಾತ್ಮ ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿದ್ದಾಗ, ಉಳಿದ ಭಾರತೀಯರ ಮಕ್ಕಳಿಗಿಲ್ಲದ ಸೌಕರ್ಯ ತಮ್ಮ ಮಕ್ಕಳಿಗೆ ಮಾತ್ರ ಬೇಡವೆಂದು, ಐರೋಪ್ಯ ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಕಲಿಸಿದರು. 1910ರಲ್ಲಿ ಆರಂಭವಾದ ಟಾಲ್‌ಸ್ಟಾಯ್ ಫಾರಂನಲ್ಲಿ ಹಲವು ಮತಗಳ ಮಕ್ಕಳಿಗೆ ತಾವೇ ಬೋಧಕರಾದರು. ಆದರೆ ತಾವು ಮಕ್ಕಳಿಗೆ ಕೊಡಬಯಸಿದಷ್ಟು ಅಕ್ಷರವಿದ್ಯೆಯನ್ನು ಕೊಡಲಾಗಲಿಲ್ಲವೆಂದೂ, ಮಕ್ಕಳಿಗೆ ತಮ್ಮ ಮೇಲೆ ಆ ಕೊರಗು ಉಳಿಯಿತೆಂದೂ ಆತ್ಮಕಥೆಯಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಅಂತಹ ತಂದೆಗೇ ಸಮಯ ಸಾಲಲಿಲ್ಲವೆಂದ ಮೇಲೆ, ಕಚೇರಿಯ ಕೆಲಸದ ನಡುವೆ ಮಕ್ಕಳಿಗೆ ಕಲಿಸುತ್ತೇವೆಂದು ಹೊರಡುವ ಸಾಮಾನ್ಯ ತಂದೆತಾಯಂದಿರು ಎದೆಮುಟ್ಟಿ ನೋಡಿಕೊಳ್ಳಬೇಕಾದುದು ಅವಶ್ಯ.

ಕಾನೂನಿನ ಮಾತೂ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಂದಿರ ಕರ್ತವ್ಯವೆಂದು ಅದರ 10ನೆಯ ಪ್ರಕರಣ ಹೇಳುತ್ತದೆ. ಸೇರಿಸದವರಿಗೆ ದಂಡವನ್ನೇನೂ ವಿಧಿಸಿಲ್ಲ. ಆದರೆ ಮಾನ್ಯತೆಯಿಲ್ಲದೆ ಶಾಲೆ ನಡೆಸಿದವರಿಗೆ 18ನೆಯ ಪ್ರಕರಣವು ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನು ಹೇಳಿದೆ. ಆದುದರಿಂದ ಇಂತಹ ಕೇಂದ್ರಗಳು ಶಾಲೆಯೆಂದು ಹೆಸರಿಟ್ಟುಕೊಳ್ಳಲು ಹಿಂಜರಿಯುತ್ತವೆ. ಹದಿನಾಲ್ಕು ತುಂಬಿದ ಮೇಲೆ ಮಕ್ಕಳು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳುವ ದಾರಿಯಿದೆ. ಅಲ್ಲಿಯವರೆಗಿನ ವರ್ಷಗಳನ್ನು ಕಾಯುವುದು ತಂದೆತಾಯಂದಿರ ಧೈರ್ಯ, ವಿವೇಕಗಳೇ. ಅದೇ ಕಾಯಿದೆ ಶಾಲೆಗಳಿಗೂ ಕರ್ತವ್ಯಗಳನ್ನು ಹೇರಿದೆ. ಪ್ರವೇಶಕ್ಕಾಗಿ ಮಗುವನ್ನಾಗಲಿ ತಂದೆತಾಯಂದಿರನ್ನಾಗಲಿ ಪರೀಕ್ಷಿಸಬಾರದು. ಹೊಡೆಯಬಾರದು, ಮನಸ್ಸನ್ನು ನೋಯಿಸಬಾರದು. ಕಿರಿಯ ತರಗತಿಗಳಲ್ಲಿ ಮೂವತ್ತು ಮಕ್ಕಳಿಗೆ ಒಬ್ಬ ಅಧ್ಯಾಪಕನಿರಬೇಕು. ಕಾನೂನು ಮೀರಿದವರು ಶಾಲೆ ಬಿಡಿಸಿದವರು ಮಾತ್ರವೇ ಎಂಬ ಪ್ರಶ್ನೆಯನ್ನು ನಾವು ನಮಗೇ ಹಾಕಿಕೊಳ್ಳೋಣ.

ದೀಪಾವಳಿಯ ರಜೆಯಲ್ಲಿ ಆ ಕೇಂದ್ರಕ್ಕೆ ಹೋಗಿ ಎರಡು ಗಂಟೆ ಕುಳಿತಿದ್ದೆನು. ಒಂದು ಕೋಣೆಯಲ್ಲಿ ಮಕ್ಕಳು ತಕ್ಕಡಿ ಹಿಡಿದು ರಾಗಿಯನ್ನೂ ಅಕ್ಕಿಯನ್ನೂ ತೂಗುತ್ತ, ಒಂದೇ ಪಾವು ತುಂಬಿದ ಎರಡರ ತೂಕ ಬೇರೆಯಾದುದೇಕೆಂದು ವಾದಿಸುತ್ತಿದ್ದರು. ನಾನು ಹಲಗೆಯ ಮೇಲೆ ‘ಅಪ್ಪ’, ‘ಅಮ್ಮ’ ಎಂದು ಬರೆದಾಗ ನನ್ನ ಶಿಷ್ಯನ ಮಗಳು, “ಅಜ್ಜಾ, ಒತ್ತಕ್ಷರ ಯಾಕೆ ಕೆಳಗೆ ಕೂತಿರುತ್ತದೆ? ಪಕ್ಕದಲ್ಲಿ ಜಾಗ ಇದೆಯಲ್ಲ?” ಎಂದಳು. ಲಿಪಿಯ ವಿಕಾಸವನ್ನು ಓದಿ ಪರೀಕ್ಷೆ ಕೊಟ್ಟವನಾದರೂ, ಎಂಟು ವರ್ಷದ ಮಗುವಿಗೆ ತಿಳಿಯುವಂತೆ ಉತ್ತರಿಸಲು ತಡವರಿಸಿದೆನು. ಮೂವತ್ತು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅವಳ ತಂದೆ ಮೆಲ್ಲನೆ ನಕ್ಕು, “ಗುರುಗಳೇ, ಹಳಗನ್ನಡದ ೞಕಾರ ಎಲ್ಲಿ ಹೋಯಿತು ಎಂದು ನಾನು ಒಂಬತ್ತನೆಯ ತರಗತಿಯಲ್ಲಿ ಕೇಳಿದ್ದೆ. ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ ಎಂದಿದ್ದಿರಿ” ಎಂದನು. ನನಗದು ನೆನಪಿರಲಿಲ್ಲ, ಆತನಿಗೆ ನೆನಪಿತ್ತು.

ಆ ಮನೆಯಲ್ಲಿ ಕಂಡ ಎರಡು ಸಂಗತಿಗಳು ಮಾತ್ರ ನನ್ನನ್ನು ನೋಯಿಸಿದವು. ಹನ್ನೊಂದು ಮಕ್ಕಳಲ್ಲಿ ಎಂಟು ಮಕ್ಕಳದು ಕನ್ನಡ ಮನೆಮಾತು. ಆದರೂ ತೂಕದ ವಾದವೆಲ್ಲ ಇಂಗ್ಲಿಷಿನಲ್ಲಿಯೇ ನಡೆದಿತ್ತು. ಕನ್ನಡಕ್ಕೆ ದೊರೆತಿದ್ದುದು ವಾರಕ್ಕೊಂದು ಕಥೆಯ ಗಂಟೆ. ಭಯವನ್ನು ತೊರೆದು ಬಂದವರು ಭಯದ ಭಾಷೆಯನ್ನು ಮಾತ್ರ ಕೈಬಿಡಲಿಲ್ಲವೆನಿಸಿತು. ಎರಡನೆಯದು, ಬಾಗಿಲ ಹೊಸ್ತಿಲ ಬಳಿ ಆರೇಳು ವರ್ಷದ ಹುಡುಗನೊಬ್ಬನು ಕುಳಿತು ಒಳಗಿನ ತಕ್ಕಡಿಯನ್ನೇ ನೋಡುತ್ತಿದ್ದನು. ಯಾರೆಂದು ಕೇಳಿದೆನು. ಕೆಲಸದಾಕೆಯ ಮಗ, ಅವನ ಶಾಲೆಗೆ ರಜೆ ಎಂದರು.

ಹಿಂದಿರುಗುವಾಗ ಶಿಷ್ಯನನ್ನು ಕೇಳಿದೆನು: “ಅಪ್ಪಾ, ಪ್ರಸಾದ ನಿಲಯದಲ್ಲಿ ನಿನ್ನ ಪಕ್ಕದ ತಟ್ಟೆ ಯಾರದಾಗಿತ್ತು?” ಆತನು ತಲೆತಗ್ಗಿಸಿದನು. ಅದು ಊರಾಚೆಯ ಕೇರಿಯ ಕೂಲಿಯಾಳಿನ ಮಗನದೆಂದು ಇಬ್ಬರಿಗೂ ಗೊತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಆತನೂ ಒಂದು ಮಾತು ಕೇಳಿದನು: “ಗುರುಗಳೇ, ಮಗಳನ್ನು ನಮ್ಮ ಮಠದ ಶಾಲೆಗೇ ತಂದು ಬಿಡುತ್ತೇನೆ. ಅವಳು ಹೆದರುವುದಿಲ್ಲ ಎಂದು ತಾವು ಮಾತು ಕೊಡುತ್ತೀರಾ?” ಅರವತ್ತೆರಡು ಮಕ್ಕಳಿರುವ ನನ್ನ ತರಗತಿ ಕಣ್ಣ ಮುಂದೆ ಬಂದಿತು. ನಾನು ಮಾತು ಕೊಡಲಿಲ್ಲ.

ಈ ಎರಡು ಪ್ರಶ್ನೆಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ವಿಚಾರ ಕುಂಟುತ್ತದೆ. ಅರಿವನ್ನೇ ಗುರುವೆಂದು ಭಾವಿಸಿದ ಶರಣ ಪರಂಪರೆಯಲ್ಲಿ ಪ್ರಶ್ನೆಗೆ ಸ್ಥಾನವುಂಟು. ಅನುಭವ ಮಂಟಪವೆಂದರೆ ಪ್ರಶ್ನೋತ್ತರದ ಮಂಟಪವೇ. ಪ್ರಶ್ನೆಯನ್ನು ಕುಳ್ಳಿರಿಸುವ ತರಗತಿ ಆ ಪರಂಪರೆಯ ಹೆಸರು ಹೇಳಲು ಅರ್ಹವಲ್ಲ. ಆದರೆ ಅದೇ ಪರಂಪರೆಯಲ್ಲಿ ದಾಸೋಹವೂ ಉಂಟು. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಸಹಸ್ರಾರು ಬಡ ಮಕ್ಕಳಿಗೆ ಜಾತಿಮತಗಳ ಭೇದವಿಲ್ಲದೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು. ಓದಬಲ್ಲ ತಂದೆಯಿಲ್ಲದ, ಬಿಡುವಿರುವ ತಾಯಿಯಿಲ್ಲದ ಮಗುವಿಗೆ ಗೃಹಶಿಕ್ಷಣವೆಂಬ ಮಾತಿಗೆ ಅರ್ಥವೇ ಇಲ್ಲ. ಅದಕ್ಕೆ ಶಾಲೆಯೇ ಮನೆ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಮಂದಿ ಮಹನೀಯರೂ ಇದ್ದುದರಲ್ಲಿ ತೃಪ್ತರಾಗದೆ ಹೊರಟವರೇ. ಆದರೆ ಅವರ ಅತೃಪ್ತಿ ತಮ್ಮ ಮನೆಯ ಮಕ್ಕಳಿಗಾಗಿ ಮಾತ್ರ ಆಗಿರಲಿಲ್ಲ.

ಆದುದರಿಂದ ನನ್ನ ವಿನಮ್ರ ಸೂಚನೆಗಳಿವು. ಕೇಂದ್ರ ನಡೆಸುವ ತಂದೆತಾಯಂದಿರು ಹೊಸ್ತಿಲಲ್ಲಿ ಕುಳಿತ ಮಗುವನ್ನು ಒಳಗೆ ಕರೆಯಲಿ. ಆ ಹುಡುಗನು ಬಂದರೆ ಕನ್ನಡವೂ ತಾನಾಗಿ ಒಳಗೆ ಬರುತ್ತದೆ. ಮಕ್ಕಳು ಬೆಳೆದು ಶಾಲೆಗೆ ಮರಳಬಯಸಿದರೆ ತಡೆಯದಿರಲಿ. ನಮ್ಮ ಅಧ್ಯಾಪಕ ಬಂಧುಗಳು ದಿನಕ್ಕೆ ಒಂದು ಅವಧಿಯಲ್ಲಾದರೂ ಪಠ್ಯವನ್ನು ಮುಚ್ಚಿಟ್ಟು ಮಕ್ಕಳಿಂದ ಪ್ರಶ್ನೆ ಕೇಳಿಸಿಕೊಳ್ಳೋಣ. ತಿಳಿಯದಿದ್ದರೆ ನಾಳೆ ನೋಡಿ ಹೇಳುತ್ತೇನೆಂದರೆ ಗುರುತ್ವಕ್ಕೆ ಕುಂದಿಲ್ಲ. ಹಳೆಯ ವಿದ್ಯಾರ್ಥಿಗಳು ವಾರ್ಷಿಕೋತ್ಸವದಂದು ಹಾರ ಸ್ವೀಕರಿಸುವುದಕ್ಕೆ ಮಾತ್ರ ಬರದೆ, ತಿಂಗಳಿಗೊಂದು ದಿನ ಬಂದು ತಮ್ಮ ತಮ್ಮ ಕಾಯಕವನ್ನು ಮಕ್ಕಳಿಗೆ ಕೈಯಾರೆ ತೋರಿಸಲಿ. ತಂದೆತಾಯಂದಿರಿಗೆ ಶುಲ್ಕದ ದಿನದಂದಲ್ಲದೆ ಬೇರೆ ದಿನಗಳಲ್ಲಿಯೂ ಶಾಲೆಯ ಬಾಗಿಲು ತೆರೆದಿರಲಿ.

ದಾನಿಗಳಲ್ಲಿ ಒಂದು ವಿಶೇಷ ಬಿನ್ನಹ. ಮಹಾದ್ವಾರಕ್ಕೂ ಸಭಾಭವನಕ್ಕೂ ತಾವು ಕೊಟ್ಟ ದ್ರವ್ಯ ಸತ್ಪಾತ್ರವೇ ಹೌದು. ಆದರೆ ಈಗ ನಮಗೆ ಕಲ್ಲಿಗಿಂತ ಹೆಚ್ಚಾಗಿ ಬೇಕಾಗಿರುವುದು ಮನುಷ್ಯರು. ಅರವತ್ತೆರಡು ಮಕ್ಕಳ ತರಗತಿಯನ್ನು ಎರಡಾಗಿ ಒಡೆಯಲು ಒಬ್ಬ ಅಧ್ಯಾಪಕನ ವೇತನವನ್ನು ವಹಿಸಿಕೊಂಡವರ ಹೆಸರನ್ನು ಯಾವ ಶಿಲೆಯ ಮೇಲೂ ಕೆತ್ತಲಾಗದು; ಆದರೆ ಒಂದು ಮಗುವಿನ ಸೋಮವಾರ ಬೆಳಗು ಅದರಿಂದ ಹಗುರವಾದೀತು.

ಶಿಷ್ಯನಿಂದ ನನಗೆ ಇನ್ನೂ ಉತ್ತರ ಬಂದಿಲ್ಲ. ನಾನೂ ಆತನಿಗೆ ಉತ್ತರ ಕೊಟ್ಟಿಲ್ಲ. ಮುಂದಿನ ವರ್ಷದ ಸಂಚಿಕೆ ಹೊರಬರುವ ಹೊತ್ತಿಗಾದರೂ, ‘ಮಗುವನ್ನು ಕರೆದುಕೊಂಡು ಬಾರಪ್ಪ, ಅವಳು ಹೆದರುವುದಿಲ್ಲ’ ಎಂದು ಎದೆಗಟ್ಟಿಯಾಗಿ ಬರೆಯುವ ಭಾಗ್ಯ ನಮ್ಮ ಶಾಲೆಗೆ ಒದಗಲೆಂದು ಗುರುಬಸವಣ್ಣನವರಲ್ಲಿಯೂ ಪೂಜ್ಯ ಶ್ರೀಗಳವರ ಪಾದಗಳಲ್ಲಿಯೂ ಪ್ರಾರ್ಥಿಸಿ ಈ ಬಿನ್ನಹವನ್ನು ಮುಗಿಸುತ್ತೇನೆ. ಶರಣು ಶರಣಾರ್ಥಿ.