ಬಿಲ್ ಕಮ್ಮಿ ಬಂದ್ರೆ ಕರೆಂಟ್ ಉಳೀತು ಅಂತಲ್ಲ

ಕರೆಂಟ್ ಲೆಕ್ಕ | ಭಾಗ 4

ನಮ್ಮ ಕಾನಹೊಸಹಳ್ಳಿಯಲ್ಲಿ ಮಾವನ ಬಟ್ಟೆ ಅಂಗಡಿ ಇದೆ, ಮಾಳಿಗೆ ಮೇಲೆ ಎರಡು ಎಸಿ ಔಟ್‌ಡೋರ್ ಯೂನಿಟ್. ಮೇ ಕೊನೆಗೆ ಯಾರೋ ಬಂದು, "ಈ ಕಂಟ್ರೋಲರ್ ಹಾಕಿಸ್ರಿ, ನೂರಕ್ಕೆ ನಲವತ್ತು ಉಳಿತೈತಿ" ಅಂದ್ರು. ಮಾವ ಹಾಕಿಸಿದ್ರು. ಜುಲೈ ಬಿಲ್ ಬಂದ ದಿನ ನನಗೆ ಫೋನ್: "ಅಳಿಯಾ, ಅರ್ಧಕ್ಕರ್ಧ ಇಳಿದೈತಿ ನೋಡಪ್ಪಾ!" ಅದೇ ಧೈರ್ಯದ ಮೇಲೆ ಕೊಟ್ಟೂರಿನ ಅಂಗಡಿಗೂ ಸಾಲ ಮಾಡಿ ಹಾಕಿಸೋಕೆ ಹೊರಟಿದ್ರು.

ನಾನು ಕೇಳಿದ್ದು ಒಂದೇ: "ಮಾವ, ಏಪ್ರಿಲ್ ಬಿಸಿಲು ಜುಲೈನಾಗೆ ಇತ್ತಾ?"

ಆ ಕಡೆ ಮಾತಿಲ್ಲ.

ನೋಡ್ರಿ, ಉಳಿತಾಯ ಯಾವ ಮೀಟರಿನಲ್ಲೂ ಕಾಣಲ್ಲ. ಮೀಟರ್ ತೋರಿಸೋದು ಎಷ್ಟು ಖರ್ಚಾಯ್ತು ಅಂತ ಮಾತ್ರ. ಕಂಟ್ರೋಲರ್ ಹಾಕದೇ ಇದ್ದಿದ್ರೆ ಎಷ್ಟಾಗ್ತಿತ್ತು? ಅದನ್ನ ನಾವೇ ಅಂದಾಜು ಮಾಡಬೇಕು. ಉಳಿತಾಯ ಅಂದ್ರೆ ಈ ಎರಡರ ನಡುವಿನ ವ್ಯತ್ಯಾಸ. ಅಂದಾಜು ತಪ್ಪಾದ್ರೆ ಉಳಿತಾಯವೂ ಸುಳ್ಳು.

ಇಂಥ ಅಂದಾಜು ನಿಮ್ಮ ಮನೆಗೂ ಬಂದಿದೆ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಎಷ್ಟು ಯೂನಿಟ್ ಉಚಿತ ಅಂತ ಹೇಗೆ ತೀರ್ಮಾನ ಮಾಡಿದ್ರು? 2022–23ರ ತಿಂಗಳ ಸರಾಸರಿ ತಗೊಂಡು ಅದರ ಮೇಲೆ 10% ಸೇರಿಸಿ. ಒಂದು ತಿಂಗಳಲ್ಲ, ಇಡೀ ವರ್ಷ. ಯಾಕಂದ್ರೆ ಒಂದು ತಿಂಗಳು ನಂಬಿದ್ರೆ ಮೋಸ ಹೋಗ್ತೀವಿ.

ಆರು ಡಿಗ್ರಿ ಲೆಕ್ಕವೂ ನಿಮಗೆ ಗೊತ್ತಿರುತ್ತೆ. ಎಸಿ ಸೆಟ್ಟಿಂಗ್ ಒಂದು ಡಿಗ್ರಿ ಏರಿಸಿದ್ರೆ ಸುಮಾರು 6% ಕರೆಂಟ್ ಉಳಿಯುತ್ತೆ ಅಂತ ಬಿಇಇ ಹೇಳುತ್ತೆ. 2020ರ ಜನವರಿಯಿಂದ ಹೊಸ ಸ್ಟಾರ್ ಎಸಿಗಳು ಆನ್ ಮಾಡಿದ ಕೂಡಲೇ 24 ಡಿಗ್ರಿಯಲ್ಲೇ ಶುರುವಾಗಬೇಕು ಅಂತ ನಿಯಮವೂ ಬಂತು. ಹಾಗಂತ 18ರಿಂದ 24ಕ್ಕೆ ಆರು ಡಿಗ್ರಿ, ಆರಾರ್ಲೆ ಮೂವತ್ತಾರು ಅಂತ ಗುಣಿಸಿಬಿಡಬೇಡಿ. ಮಾವನ ಅಂಗಡಿ ಬಾಗಿಲು ದಿನವಿಡೀ ತೆಗೆದೇ ಇರುತ್ತೆ!

ಹಾಗಾದ್ರೆ ಅಳೆಯೋದು ಹೇಗೆ? ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ನ್ಯಾಷನಲ್ ಲ್ಯಾಬೊರೇಟರಿ 2013ರ ವರದಿಯಲ್ಲಿ ಒಂದು ದಾರಿ ತೋರಿಸಿದೆ. 8 ಕಟ್ಟಡಗಳ ಚಾವಣಿ ಮೇಲಿದ್ದ 66 ಎಸಿಗಳಿಗೆ ಹೊಸ ಕಂಟ್ರೋಲ್ ಹಾಕಿ, ಒಂದು ದಿನ ಹಳೇ ರೀತಿ, ಮರುದಿನ ಹೊಸ ರೀತಿ ಓಡಿಸಿದ್ರು. ಸರಾಸರಿ ಉಳಿತಾಯ 57%. ಆದ್ರೆ ಒಂದು ಕಡೆ 22%, ಇನ್ನೊಂದು ಕಡೆ 90%. ಅಲ್ಲಿ ದೊಡ್ಡ ಫ್ಯಾನ್‌ಗಳು ಸದಾ ಪೂರ್ತಿ ವೇಗದಲ್ಲಿ ತಿರುಗ್ತಿದ್ವು. ಫ್ಯಾನ್ ವೇಗ ಅರ್ಧ ಮಾಡಿದ್ರೆ, ಸಿದ್ಧಾಂತದ ಪ್ರಕಾರ, ಅದಕ್ಕೆ ಬೇಕಾದ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ನಮ್ಮ ಸ್ಪ್ಲಿಟ್ ಎಸಿ ಫ್ಯಾನ್ ಚಿಕ್ಕದು, ಆ ಲಾಭ ಇಲ್ಲಿ ಅಷ್ಟು ಸಿಗಲ್ಲ. ಅಲ್ಲಿನ ಶೇಕಡಾ ತಂದು ಇಲ್ಲಿ ಮಾರೋದು ತಪ್ಪು. ಅಲ್ಲಿನ ವಿಧಾನ ತರೋದು ಸರಿ.

ನಾವು ಮಾಡಿದ್ದು ಇಷ್ಟೇ:
🔹 ಎಸಿ ಲೈನಿಗೆ ಮಾತ್ರ ಒಂದು ಸಬ್ ಮೀಟರ್.
🔹 ಒಂದು ದಿನ ಕಂಟ್ರೋಲರ್ ಆಫ್, ಒಂದು ದಿನ ಆನ್. ಒಟ್ಟು 14 ದಿನ. ವಾರಕ್ಕೆ ಏಳು ದಿನ ಇರೋದ್ರಿಂದ ಸಂತೆ ದಿನ ಒಮ್ಮೆ ಆಫ್‌ಗೆ, ಒಮ್ಮೆ ಆನ್‌ಗೆ ಬೀಳುತ್ತೆ. ಯಾರಿಗೂ ಅನ್ಯಾಯ ಇಲ್ಲ.
🔹 ಅಂಗಡಿ ತೆಗೆದಾಗ, ಮುಚ್ಚಿದಾಗ ರೀಡಿಂಗ್. ಆ ದಿನದ ಗರಿಷ್ಠ ಬಿಸಿಲು.
🔹 ಕರೆಂಟ್ ಹೋದ ಗಂಟೆಗಳು. ಕರೆಂಟೇ ಇಲ್ಲದಿದ್ದಾಗ ಉಳಿದದ್ದು ಕಂಟ್ರೋಲರ್ ಪುಣ್ಯ ಅಲ್ಲ.
🔹 ಹೋಲಿಸೋದು ಯೂನಿಟ್, ರೂಪಾಯಿ ಅಲ್ಲ. ಬಿಲ್ಲಿನಲ್ಲಿ ನಿಗದಿತ ಶುಲ್ಕವೂ ಸೇರಿರುತ್ತೆ, ದರವೂ ಬದಲಾಗುತ್ತೆ.

ಬಂದ ಉತ್ತರ? ಹೇಳಿದ ನಲವತ್ತರಲ್ಲಿ ಅರ್ಧವೂ ಇಲ್ಲ. ಹಂಗಂತ ಸೊನ್ನೆಯೂ ಅಲ್ಲ. ಮಳೆಗಾಲದ ಲೆಕ್ಕ ಇದು, ಬೇಸಿಗೆಯಲ್ಲಿ ಮತ್ತೊಮ್ಮೆ ಅಳೀಬೇಕು.

ನಾನು ಕಂಟ್ರೋಲರ್ ಬೇಡ ಅಂತಿಲ್ಲ. ಮಾರೋರು ಶೇಕಡಾ ಹೇಳಿದ್ರೆ ಮೂರು ಪ್ರಶ್ನೆ ಕೇಳಿ: ಯಾವುದರಲ್ಲಿ ನಲವತ್ತು, ಎಸಿದಾ ಇಡೀ ಬಿಲ್ಲಿನದಾ? ಯಾವ ತಿಂಗಳಿಗೆ ಹೋಲಿಸಿ? ನಮ್ಮ ಅಂಗಡಿಯಲ್ಲೇ ಎರಡು ವಾರ ಅಳೆದು ತೋರಿಸ್ತೀರಾ? ಡಿಪ್ಲೊಮಾ, ಐಟಿಐ ಓದ್ತಿರೋ ನಾವು ಕೇಳದಿದ್ರೆ ನಮ್ಮ ಮನೆಯೋರ ಪರವಾಗಿ ಇನ್ಯಾರು ಕೇಳ್ತಾರೆ?

ಕೊಟ್ಟೂರಿನ ಸಾಲ ಸದ್ಯಕ್ಕೆ ಏಪ್ರಿಲ್‌ವರೆಗೆ ಮುಂದಕ್ಕೆ ಹೋಗಿದೆ. ಮಾವ ಈಗ ದಿನಾ ರಾತ್ರಿ ಬೀಗ ಹಾಕೋ ಮುಂಚೆ ರೀಡಿಂಗ್ ಫೋಟೊ ಕಳಿಸ್ತಾರೆ.

ನಿಮ್ಮ ಅಂಗಡಿ, ಕಾಲೇಜು, ಬ್ಯಾಂಕಿನಲ್ಲಿ ಇಂಥದ್ದು ಹಾಕಿಸಿದ್ದಾರಾ? ಯಾರಾದ್ರೂ ಅಳೆದ್ರಾ? ಕಾಮೆಂಟ್ ಮಾಡಿ 👇

#ಕರೆಂಟ್‌ಲೆಕ್ಕ #ಕಾನಹೊಸಹಳ್ಳಿ #ಕೂಡ್ಲಿಗಿ