ನೆರೆನೀರಿನಲ್ಲಿ ಮನೆಯ ದಾರಿ

ಗಿರಣಿಯ ಸೀಟಿ ಊದಿದ ಮೇಲೆ ಕಾರ್ಮಿಕನು ಮನೆ ಸೇರುವವರೆಗಿನ ದಾರಿ ಯಾರ ಹೊಣೆ? ಮಾಲೀಕರು ತಮ್ಮದಲ್ಲವೆನ್ನುತ್ತಾರೆ, ಸರಕಾರವು ಮೋಡದ ಕಡೆ ಬೆರಳು ತೋರಿಸುತ್ತದೆ. ಫಿಲಿಪ್ಪೀನ್ಸ್ ದೇಶದ ರಾಜಧಾನಿಯಾದ ಮನಿಲಾದಲ್ಲಿ ದುಡಿಯುವ ಜನರು ಪ್ರತಿವರ್ಷವೂ ಮೊಣಕಾಲುದ್ದ ನೀರಿನಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಅವರ ಪಾಡನ್ನು ನಮ್ಮ ಓದುಗರು ತಿಳಿಯುವುದು ಅವಶ್ಯ.

ಆ ದ್ವೀಪಗಳ ಸುತ್ತಿನ ಕಡಲಿಗೆ ವರ್ಷಕ್ಕೆ ಸುಮಾರು 20 ಚಂಡಮಾರುತಗಳು ಬರುತ್ತವೆ. ಹೆಚ್ಚಿನವು ಜೂನಿನಿಂದ ನವೆಂಬರಿನೊಳಗೆ. ಮನಿಲಾ ತಗ್ಗಿನ ಊರು. ಒಂದು ಕಡೆ ಕೊಲ್ಲಿ, ಇನ್ನೊಂದು ಕಡೆ ದೊಡ್ಡ ಸರೋವರ, ನಡುವೆ ಪಾಸಿಗ್ ನದಿ. ಕಡಲು ಉಬ್ಬರವಿದ್ದಾಗ ಮಳೆನೀರಿಗೆ ಹೊರಹೋಗುವ ದಾರಿಯಿಲ್ಲ. ಊರೊಳಗಿನ ಕಾಲುವೆಗಳೋ ಕಸದಿಂದ ಕಟ್ಟಿಕೊಂಡಿವೆ. 2009ರ ಸೆಪ್ಟೆಂಬರ್ 26ರಂದು ‘ಒಂಡೋಯ್’ ಎಂಬ ಬಿರುಗಾಳಿ ಬಂದಾಗ 24 ಗಂಟೆಗಳಲ್ಲಿ 455 ಮಿಲಿಮೀಟರ್ ಮಳೆ ಸುರಿಯಿತು. ಪಾದರಕ್ಷೆಯ ಕಸುಬಿಗೆ ಹೆಸರಾದ ಮಾರಿಕಿನಾದಲ್ಲಿ ನದಿಯು ಮನೆಗಳ ಮಾಡಿನವರೆಗೆ ಏರಿತು. ದೇಶದಲ್ಲಿ ಒಟ್ಟು 400ಕ್ಕೂ ಹೆಚ್ಚು ಜನ ಸತ್ತರು.

ಇಂಥ ದಿನ ಮನೆಗೆ ಹೋಗುವುದೆಂದರೇನು? ಬಡವರ ವಾಹನವಾದ ‘ಜೀಪ್ನಿ’ ಗಾಡಿಗಳು ನೀರು ಏರಿದೊಡನೆ ನಿಲ್ಲುತ್ತವೆ. ದಿನಗೂಲಿಯವನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನೀರಿಗೆ ಇಳಿಯಲೇಬೇಕು. ಮುಚ್ಚಳವಿಲ್ಲದ ಚರಂಡಿ ಎಲ್ಲಿದೆಯೋ, ಕಡಿದುಬಿದ್ದ ವಿದ್ಯುತ್ ತಂತಿ ಎಲ್ಲಿದೆಯೋ ತಿಳಿಯದು. ಸೈಕಲ್ ರಿಕ್ಷಾ ಸಿಕ್ಕರೆ ದಿನದ ಕೂಲಿಯಲ್ಲಿ ಒಂದು ಪಾಲು ಅದರ ಬಾಡಿಗೆಗೆ ಹೋಗುತ್ತದೆ. ಮನೆ ಸೇರಿದರೂ ಮುಗಿಯಲಿಲ್ಲ. ಇಲಿಯ ಮೂತ್ರ ಬೆರೆತ ಆ ನೀರು ಕಾಲಿನ ಗಾಯದೊಳಗೆ ಹೊಕ್ಕರೆ ಒಂದೆರಡು ವಾರಗಳಲ್ಲಿ ಇಲಿಜ್ವರ. ಒಂಡೋಯ್ ಹೋದ ಬಳಿಕ 2,000ಕ್ಕೂ ಮಿಕ್ಕಿದ ಜನರು ಈ ಜ್ವರದಿಂದ ಹಾಸಿಗೆ ಹಿಡಿದರು. ಇನ್ನು ಗಲ್ಲಿಯ ಚಿಲ್ಲರೆ ಅಂಗಡಿಯವನ ಅಕ್ಕಿ, ಸಕ್ಕರೆಯ ಚೀಲಗಳು ನೀರುಪಾಲು. ಉದ್ರಿ ವಸೂಲಾಗುವುದಿಲ್ಲ, ಉದ್ರಿ ಕೊಂಡವನೂ ಅದೇ ನೀರಿನಲ್ಲಿದ್ದಾನೆ.

ಹಾಗಾದರೆ ನೀರು ಏರುವ ಮೊದಲೇ ಕಾರ್ಮಿಕನನ್ನು ಮನೆಗೆ ಕಳುಹಿಸಬಾರದೆ? ಅಲ್ಲಿ ಸರಕಾರಿ ಕಚೇರಿಗಳಿಗೂ ಶಾಲೆಗಳಿಗೂ ಸರಕಾರವೇ ರಜೆ ಸಾರುತ್ತದೆ. ಖಾಸಗಿ ಕಾರ್ಖಾನೆಗಳ ಮಾತು ಮಾಲೀಕರ ವಿವೇಚನೆಗೆ ಬಿಟ್ಟದ್ದು. ಕಾರ್ಮಿಕ ಇಲಾಖೆಯು 2022ರಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ ಬಿರುಗಾಳಿಯ ದಿನ 6 ಗಂಟೆ ದುಡಿದವನಿಗೆ ಪೂರ್ತಿ ಕೂಲಿ. ಅದಕ್ಕಿಂತ ಕಡಿಮೆಯಾದರೆ ದುಡಿದಷ್ಟಕ್ಕೆ ಮಾತ್ರ. ದುಡಿಯದವನಿಗೆ, ಮಾಲೀಕರು ಮನಸ್ಸು ಮಾಡದ ಹೊರತು, ಕೂಲಿಯಿಲ್ಲ. ಪ್ರಾಣಾಪಾಯಕ್ಕೆ ಅಂಜಿ ಬಾರದವನನ್ನು ಶಿಕ್ಷಿಸಕೂಡದೆಂದೂ ಅದೇ ಸೂಚನೆಯಲ್ಲಿದೆ. ಒಳ್ಳೆಯ ಮಾತೇ. ಆದರೆ ಶಿಕ್ಷೆಯೂ ಇಲ್ಲ, ಕೂಲಿಯೂ ಇಲ್ಲವೆಂದರೆ ಮನೆಯಲ್ಲಿ ಒಲೆ ಉರಿಯುವುದು ಹೇಗೆ? ನಾಲ್ಕನೆಯ ಗಂಟೆಗೆ ಮಳೆ ಹಿಡಿದರೂ ಕಾರ್ಮಿಕನು ಆರನೆಯ ಗಂಟೆಗಾಗಿ ಕಾಯುತ್ತಾನೆ. ಅಷ್ಟರಲ್ಲಿ ಬೀದಿಯಲ್ಲಿ ಸೊಂಟದುದ್ದ ನೀರು!

ನೀರನ್ನು ತಡೆಯಲು ಹಣವಿರಲಿಲ್ಲವೆ? ಧಾರಾಳವಾಗಿತ್ತು. 2024ರ ಜುಲೈ 22ರಂದು ಅಧ್ಯಕ್ಷ ಮಾರ್ಕೋಸ್ ಜೂನಿಯರ್ ಅವರು 5,500ಕ್ಕೂ ಹೆಚ್ಚು ನೆರೆ ತಡೆಯುವ ಕಾಮಗಾರಿಗಳು ಮುಗಿದಿವೆಯೆಂದು ಸಾರಿದರು. ಎರಡೇ ದಿನಗಳಲ್ಲಿ ಮನಿಲಾದ ಬೀದಿಗಳು ಮುಳುಗಿದವು. 2025ರ ಆಗಸ್ಟಿನಲ್ಲಿ ಅವರೇ ಕೊಟ್ಟ ಲೆಕ್ಕವನ್ನು ನೋಡಿರಿ. ಸುಮಾರು ಮೂರು ವರ್ಷಗಳಲ್ಲಿ 9,855 ಕಾಮಗಾರಿಗಳು, 54,500 ಕೋಟಿ ಪೆಸೊ. 2,409 ಗುತ್ತಿಗೆದಾರರ ಪೈಕಿ ಕೇವಲ 15 ಮಂದಿಗೆ ಸಿಕ್ಕಿದ್ದು 10,000 ಕೋಟಿ. ಬುಲಕಾನ್ ಪ್ರಾಂತದಲ್ಲಿ 5.5 ಕೋಟಿ ಪೆಸೊ ವೆಚ್ಚದ ನದೀ ತಡೆಗೋಡೆಯೊಂದು ಕಾಗದದ ಮೇಲೆ ಪೂರ್ತಿಯಾಗಿತ್ತು. ಅಧ್ಯಕ್ಷರು ಸ್ವತಃ ಹೋಗಿ ನೋಡಿದರೆ ಅಲ್ಲಿ ಗೋಡೆಯೇ ಇರಲಿಲ್ಲ. ಆ ವರ್ಷ ಸೆಪ್ಟೆಂಬರ್ 21ರಂದು ಸಹಸ್ರಾರು ಜನರು ಮನಿಲಾದ ಬೀದಿಗಿಳಿದು ಲೆಕ್ಕ ಕೇಳಿದರು. ನೀರಿನಲ್ಲಿ ನಡೆದು ಮನೆ ಸೇರಿದವರಿಗೆ ಆ ಹಕ್ಕು ಇಲ್ಲದೆ ಮತ್ತಾರಿಗಿದೆ?

ಮಳೆಯನ್ನು ಯಾವ ಸರಕಾರವೂ ನಿಲ್ಲಿಸಲಾರದು. ಆದರೆ ಕಾರ್ಖಾನೆಯ ಬಾಗಿಲನ್ನು ಯಾವಾಗ ತೆರೆಯಬೇಕು, ಕಾಲುವೆಯ ಹಣ ಯಾರ ಜೇಬು ಸೇರಬೇಕು ಎಂಬುದನ್ನು ತೀರ್ಮಾನಿಸುವವರು ಮನುಷ್ಯರೇ. ಆದ್ದರಿಂದ ಬಿರುಗಾಳಿಯ ಮುನ್ಸೂಚನೆ ಬಂದ ಕೂಡಲೆ ಕೆಲಸ ನಿಲ್ಲಿಸುವ ಆಜ್ಞೆಯನ್ನು ಖಾಸಗಿ ಕಾರ್ಖಾನೆಗಳಿಗೂ ಸರಕಾರವೇ ಹೊರಡಿಸಬೇಕು. ಹಾಗೆ ಕಳೆದ ಗಂಟೆಗಳಿಗೆ ಪೂರ್ತಿ ಕೂಲಿ ಸಲ್ಲಬೇಕು. ಪ್ರತಿಯೊಂದು ಕಾಲುವೆಯ, ಗೋಡೆಯ ಖರ್ಚಿನ ಲೆಕ್ಕವನ್ನು ಆಯಾ ಬೀದಿಯ ಜನರ ಮುಂದೆ ಇಡಬೇಕು. ಈ ಮೂರೂ ಮನಿಲಾದ ಕಾರ್ಮಿಕನಿಗೆ ಸಲ್ಲಬೇಕಾದ ನ್ಯಾಯ. ಮಳೆಗಾಲದಲ್ಲಿ ಪಾಳಿ ಮುಗಿಸಿ ಮನೆಗೆ ನಡೆಯುವ ಎಲ್ಲ ಊರಿನ ಕಾರ್ಮಿಕರಿಗೂ ಸಲ್ಲುವಂಥದು.